ಉಲುರು ಮತ್ತು ಕಟ ಜುಟ: ಮರುಭೂಮಿಯ ಬಂಡೆಗಳ ಊರಿಗೆ ಹೊರಟವರಿಗೆ

ಮೊದಲ ಸಲ ಉಲುರುವಿಗೆ ಹೋದಾಗ ನಾನು ಅಲ್ಲಿ ಇದ್ದದ್ದು ಒಂದೇ ರಾತ್ರಿ. ಮಧ್ಯಾಹ್ನ ವಿಮಾನ ಇಳಿದೆ. ಸಂಜೆ ಬಂಡೆ ಕೆಂಪಾಗುವುದನ್ನು ನೋಡಿದೆ. ಬೆಳಗ್ಗೆ ಸೂರ್ಯ ಹುಟ್ಟುವುದನ್ನು ನೋಡಿ ವಾಪಸ್ ಮೆಲ್ಬರ್ನ್ ವಿಮಾನ ಹತ್ತಿದೆ. ಫೋಟೊಗಳನ್ನು ಊರಿಗೆ ಕಳಿಸಿದಾಗ ಅಮ್ಮ ಫೋನಿನಲ್ಲಿ ಕೇಳಿದರು: "ಚೆನ್ನಾಗಿದೆ ಕಣೋ. ಅಲ್ಲಿಯವರು ಆ ಬಂಡೆಗೆ ಏನು ಕಥೆ ಹೇಳ್ತಾರೆ?" ನನಗೆ ಒಂದು ಕಥೆಯೂ ಗೊತ್ತಿರಲಿಲ್ಲ.

ಎರಡನೇ ಸಲ ಅಪ್ಪ, ಅಮ್ಮ, ಹೆಂಡತಿ, ಮಗಳು ಎಲ್ಲರೂ ಸೇರಿ ಹೋಗಿ ಮೂರು ರಾತ್ರಿ ಉಳಿದೆವು. ಈ ಲೇಖನ ಹುಟ್ಟಿದ್ದು ಆ ಎರಡನೇ ಸಲದಿಂದ. ಆ ಜಾಗಕ್ಕೆ ಮನೆಯವರಿದ್ದಾರೆ, ನಾವು ನೆಂಟರು. ಇಷ್ಟು ಮನಸ್ಸಿನಲ್ಲಿದ್ದರೆ ಟಿಕೆಟ್ಟು, ನೀರಿನ ಬಾಟಲಿ, ಕ್ಯಾಮೆರಾ ಎಲ್ಲದರ ಲೆಕ್ಕವೂ ಬೇರೆಯಾಗುತ್ತದೆ.

ಮೊದಲು ಮನೆಯವರ ಪರಿಚಯ

ಉಲುರು ಇರುವುದು ಆಸ್ಟ್ರೇಲಿಯಾದ ನಡುಮಧ್ಯದ ಕೆಂಪು ಮರುಭೂಮಿಯಲ್ಲಿ. ಸುತ್ತಲಿನ ಬಯಲಿನಿಂದ ಇದರ ಎತ್ತರ 348 ಮೀಟರ್. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕಟ ಜುಟ ಇದೆ. ಅದು 36 ಗುಂಡು ಬೆಟ್ಟಗಳ ಗುಂಪು, ಹೆಸರಿನ ಅರ್ಥವೇ 'ಹಲವು ತಲೆಗಳು'. ಅದರಲ್ಲಿ ಎಲ್ಲಕ್ಕಿಂತ ಎತ್ತರದ್ದು ಬಯಲಿನಿಂದ 546 ಮೀಟರ್, ಅಂದರೆ ಉಲುರುವಿಗಿಂತಲೂ ಸುಮಾರು 200 ಮೀಟರ್ ಜಾಸ್ತಿ. ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಈ ನೆಲದ ಮೂಲನಿವಾಸಿಗಳು ತಮ್ಮನ್ನು ಅಣಂಗು ಎಂದು ಕರೆದುಕೊಳ್ಳುತ್ತಾರೆ. ಪಿಟ್‌ಜಂಟ್‌ಜಟ್‌ಜರ ಮತ್ತು ಯಂಕುನಿಟ್‌ಜಟ್‌ಜರ ಅವರ ಭಾಷೆಗಳು. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ಇಲ್ಲಿಗೆ ಬಂದು, ದಕ್ಷಿಣ ಆಸ್ಟ್ರೇಲಿಯಾದ ಅಧಿಕಾರಸ್ಥರಾಗಿದ್ದ ಹೆನ್ರಿ ಏಯರ್ಸ್ ಹೆಸರನ್ನು ಬಂಡೆಗೆ ಇಟ್ಟರು. ನಮ್ಮ ಶಾಲಾ ಪುಸ್ತಕಗಳಲ್ಲಿ 'ಏಯರ್ಸ್ ರಾಕ್' ಎಂದು ಓದಿದ್ದು ಅದೇ. 1985ರ ಅಕ್ಟೋಬರ್ 26ರಂದು ಸರ್ಕಾರ ಈ ಜಮೀನಿನ ಹಕ್ಕುಪತ್ರವನ್ನು ಅಣಂಗು ಜನರಿಗೆ ವಾಪಸ್ ಕೊಟ್ಟಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷದ ಗುತ್ತಿಗೆಗೆ ಕೊಟ್ಟರು. ಉದ್ಯಾನ ನಡೆಸುವ ಮಂಡಳಿಯಲ್ಲಿ ಈಗ ಅವರೇ ಬಹುಮತದಲ್ಲಿದ್ದಾರೆ. ಅಂದರೆ ಒಡೆಯರು ಅವರು, ಒಳಗೆ ಬಿಟ್ಟುಕೊಂಡವರೂ ಅವರೇ.

ಇಲ್ಲಿ ಕೇಳುವ ಒಂದು ಮುಖ್ಯ ಪದ 'ಜುಕುರ್ಪ'. ಇದನ್ನು ಸುಮ್ನೆ 'ಪುರಾಣ' ಎಂದು ಅನುವಾದ ಮಾಡಿದರೆ ತಪ್ಪಾಗುತ್ತದೆ. ನೆಲ ಹೇಗೆ ಹುಟ್ಟಿತು, ನೀರು ಎಲ್ಲಿದೆ, ಯಾರು ಯಾರನ್ನು ಮದುವೆಯಾಗಬಹುದು, ಯಾವ ತಪ್ಪಿಗೆ ಏನು ಶಿಕ್ಷೆ, ಯಾವ ಕಾಲಕ್ಕೆ ಯಾವ ಆಹಾರ, ಎಲ್ಲವೂ ಅದರಲ್ಲಿ ಸೇರಿದೆ. ಕಾನೂನು, ಧರ್ಮ, ಇತಿಹಾಸ, ನಕ್ಷೆ ನಾಲ್ಕೂ ಒಂದೇ ಪದದಲ್ಲಿ ಇವೆ. ಬಂಡೆಯ ಒಂದೊಂದು ಬಿರುಕು, ಗುಹೆ, ಕಲೆ ಆ ಕಾನೂನಿನ ಒಂದೊಂದು ಸಾಲು.

ಉಚ್ಚಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಈ ಭಾಷೆಗಳ ಕೆಲವು ಅಕ್ಷರಗಳ ಕೆಳಗೆ ಗೆರೆ ಎಳೆಯುತ್ತಾರೆ. ನಾಲಿಗೆ ಮಡಿಸಿ ಹೇಳಬೇಕು ಎಂದು ಅದರ ಅರ್ಥ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಇದು ಕಷ್ಟ. ಕನ್ನಡದವರಿಗೆ ಅಲ್ಲ. ಅಣಂಗುವಿನಲ್ಲಿ ಇರುವುದು ನಮ್ಮ ಣ, ಜುಟದ ಕೊನೆಯಲ್ಲಿ ಇರುವುದು ನಮ್ಮ ಟ. ಹಾಗಾಗಿ ಧೈರ್ಯವಾಗಿ ಸರಿಯಾಗಿ ಹೇಳಿ. ನಮಸ್ಕಾರಕ್ಕೂ, ಹೋಗಿ ಬರುತ್ತೇನೆ ಅನ್ನುವುದಕ್ಕೂ, 'ಚೆನ್ನಾಗಿದೆ' ಅನ್ನುವುದಕ್ಕೂ ಅವರಲ್ಲಿ ಒಂದೇ ಪದ: 'ಪಲ್ಯ'. ಹೌದು, ನಮ್ಮ ಹುರುಳಿಕಾಯಿ ಪಲ್ಯದ ಪಲ್ಯವೇ! ಅಮ್ಮ ಇದನ್ನು ಒಂದೇ ಸಲಕ್ಕೆ ಕಲಿತರು, ಮೂರು ದಿನವೂ ಬಳಸಿದರು.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಹೋಗಿ. ಹಗಲು ಹಿತವಾಗಿರುತ್ತದೆ. ಜೂನ್, ಜುಲೈನಲ್ಲಿ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೂ ಇಳಿಯಬಹುದು. ಮರುಭೂಮಿ ಅಂದರೆ ಬಿಸಿಲು ಮಾತ್ರ ಅಂದುಕೊಂಡು ತೆಳು ಬಟ್ಟೆ ಮಾತ್ರ ಕಟ್ಟಬೇಡಿ. ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಡಿಸೆಂಬರ್, ಜನವರಿ ಅಲ್ಲಿಯ ಬೇಸಿಗೆ, 40 ಡಿಗ್ರಿ ದಾಟುವುದು ಮಾಮೂಲು. ಭಾರತದಿಂದ ಬರುವ ಅಪ್ಪ ಅಮ್ಮಂದಿರನ್ನು ಮಕ್ಕಳ ಬೇಸಿಗೆ ರಜೆ ಎಂದು ಆಗ ಕರೆದುಕೊಂಡು ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ನಿಂದ ನೇರ ವಿಮಾನಗಳಿವೆ. ಇಳಿಯುವ ನಿಲ್ದಾಣದ ಹೆಸರು ಇನ್ನೂ ಏಯರ್ಸ್ ರಾಕ್ ಎಂದೇ ಟಿಕೆಟ್ ಹುಡುಕುವಾಗ ಕಾಣುತ್ತದೆ. ಬೆಂಗಳೂರಿನಿಂದ ಬರುವವರು ಸಿಡ್ನಿಗೆ ನೇರ ವಿಮಾನದಲ್ಲಿ ಬಂದು ಅಲ್ಲಿಂದ ಹೋಗಬಹುದು. ಒಂದು ತಪ್ಪು ಬಹಳ ಜನ ಮಾಡುತ್ತಾರೆ: ಆಲಿಸ್ ಸ್ಪ್ರಿಂಗ್ಸ್‌ಗೆ ಟಿಕೆಟ್ ತೆಗೆದು, ಬಂಡೆ ಅಲ್ಲೇ ಪಕ್ಕದಲ್ಲಿರುತ್ತದೆ ಅಂದುಕೊಳ್ಳುತ್ತಾರೆ. ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲುರುವಿಗೆ ಸುಮಾರು 450 ಕಿಲೋಮೀಟರ್. ಕಾರಿನಲ್ಲಿ ಐದು ಗಂಟೆ ಬೇಕು.

ಆ ದಾರಿಯಲ್ಲೇ ಕಾರು ಓಡಿಸುವ ಆಸೆ ಇದ್ದರೆ, ಅದು ಒಳ್ಳೆಯ ಅನುಭವವೇ. ಸ್ಟುವರ್ಟ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಎರ್ಲ್‌ಡಂಡಾವರೆಗೆ 200 ಕಿಲೋಮೀಟರ್, ಅಲ್ಲಿಂದ ಬಲಕ್ಕೆ ತಿರುಗಿ ಲಾಸಿಟರ್ ಹೆದ್ದಾರಿ. ನಮ್ಮಲ್ಲಿಯ ಹಾಗೆ ಎಡಗಡೆಯ ಸಂಚಾರ. ಎರ್ಲ್‌ಡಂಡಾದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಕತ್ತಲಾದ ಮೇಲೆ ಮಾತ್ರ ಓಡಿಸಬೇಡಿ. ಕಾಂಗರೂ, ದನ, ಕಾಡು ಒಂಟೆಗಳು ರಸ್ತೆಗೆ ಬರುತ್ತವೆ. ದಾರಿಯಲ್ಲಿ ಎಡಗಡೆ ಮೇಜಿನ ಹಾಗೆ ತಲೆ ಚಪ್ಪಟೆಯಾದ ಒಂದು ದೊಡ್ಡ ಬೆಟ್ಟ ಕಾಣುತ್ತದೆ. ಅದನ್ನೇ ಉಲುರು ಎಂದುಕೊಂಡು ಎಷ್ಟೋ ಜನ ಕಾರು ನಿಲ್ಲಿಸಿ ಸಂಭ್ರಮ ಪಡುತ್ತಾರೆ. ಅದು ಅಟಿಲ, ಅಂದರೆ ಮೌಂಟ್ ಕಾನರ್. ಉಲುರು ಬರಲು ಇನ್ನೂ ಒಂದು ಗಂಟೆ ಬೇಕು.

ಉದ್ಯಾನದ ಒಳಗೆ ಉಳಿಯುವ ಹಾಗಿಲ್ಲ, ಟೆಂಟ್ ಹಾಕುವ ಹಾಗೂ ಇಲ್ಲ. ಹೊರಗಿನ ಯುಲಾರ ಎಂಬ ಪುಟ್ಟ ಊರಿನಲ್ಲೇ ಎಲ್ಲ ಹೋಟೆಲ್‌ಗಳು, ಟೆಂಟ್ ಹಾಕುವ ಜಾಗ, ಸೂಪರ್ ಮಾರ್ಕೆಟ್, ಪೆಟ್ರೋಲ್ ಬಂಕ್ ಇವೆ. ಹಿಂದೆ ಬಂಡೆಯ ಬುಡದಲ್ಲೇ ಮೋಟೆಲ್‌ಗಳಿದ್ದವು. ಅವನ್ನೆಲ್ಲ ತೆಗೆಸುವುದಕ್ಕಾಗಿಯೇ 1980ರ ದಶಕದಲ್ಲಿ ಯುಲಾರ ಕಟ್ಟಿದರು. ಅಲ್ಲಿಂದ ಉಲುರು 20 ಕಿಲೋಮೀಟರ್, ಕಟ ಜುಟ 50 ಕಿಲೋಮೀಟರ್. ಬಾಡಿಗೆ ಕಾರುಗಳು ಕಡಿಮೆ ಇರುವುದರಿಂದ ವಿಮಾನದ ಟಿಕೆಟ್ ತೆಗೆದ ದಿನವೇ ಕಾರನ್ನೂ ಕಾದಿರಿಸಿ. ಕಾರು ಬೇಡ ಅನ್ನುವವರಿಗೆ ಬಸ್ಸುಗಳಿವೆ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಹೋಟೆಲ್‌ಗಳಲ್ಲಿ ಊಟ ದುಬಾರಿ, ಆಯ್ಕೆ ಕಡಿಮೆ. ಅಡುಗೆಮನೆ ಇರುವ ಕೋಣೆ ಸಿಕ್ಕರೆ ಬಿಡಬೇಡಿ. ನಾವು ಮೆಲ್ಬರ್ನ್‌ನಿಂದಲೇ ಅವಲಕ್ಕಿ, ಚಟ್ನಿಪುಡಿ, ಪುಟ್ಟ ಕುಕ್ಕರ್ ತೆಗೆದುಕೊಂಡು ಹೋಗಿದ್ದೆವು. ಭಾರತದಿಂದ ನೇರ ಬರುವವರು ಚೀಲದಲ್ಲಿರುವ ತಿನ್ನುವ ಸಾಮಾನನ್ನೆಲ್ಲ ಆಸ್ಟ್ರೇಲಿಯಾಕ್ಕೆ ಇಳಿಯುವಾಗ ಕಾರ್ಡಿನಲ್ಲಿ ಬರೆದು ತೋರಿಸಲೇಬೇಕು. ಮುಚ್ಚಿಟ್ಟರೆ ದೊಡ್ಡ ದಂಡ.

ಪ್ರವೇಶದ ಚೀಟಿ

ವಯಸ್ಕರಿಗೆ ಮೂರು ದಿನದ ಪಾಸ್ 38 ಆಸ್ಟ್ರೇಲಿಯನ್ ಡಾಲರ್, 18 ವರ್ಷದೊಳಗಿನವರಿಗೆ ಉಚಿತ. ದರ ಬದಲಾಗಿದೆಯೇ ಎಂದು ನೋಡಿಕೊಂಡು, ಹೋಗುವ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ಈ ದುಡ್ಡಿನ ನಾಲ್ಕರಲ್ಲಿ ಒಂದು ಪಾಲು ಅಣಂಗು ಜನರಿಗೆ ಹೋಗುತ್ತದೆ. ಗೇಟು ತೆರೆಯುವ, ಮುಚ್ಚುವ ಹೊತ್ತು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ.

ಮೊದಲ ದಿನ: ಬಂಡೆಗೆ ಮೊದಲು ಸಾಂಸ್ಕೃತಿಕ ಕೇಂದ್ರ

ಇದು ನನ್ನ ಅತಿ ಮುಖ್ಯ ಸಲಹೆ. ಬಂಡೆಯ ಹತ್ತಿರ ಹೋಗುವ ಮುನ್ನ, ದಾರಿಯಲ್ಲೇ ಸಿಗುವ ಸಾಂಸ್ಕೃತಿಕ ಕೇಂದ್ರಕ್ಕೆ ಎರಡು ಗಂಟೆ ಕೊಡಿ. ಹಸಿ ಇಟ್ಟಿಗೆಯಿಂದ ಕಟ್ಟಿದ ಈ ಕಟ್ಟಡ 1995ರಲ್ಲಿ, ಭೂಮಿ ವಾಪಸ್ ಬಂದ ಹತ್ತನೇ ವರ್ಷಕ್ಕೆ ಶುರುವಾಯಿತು. ಮೇಲಿನಿಂದ ನೋಡಿದರೆ ಎರಡು ಹಾವುಗಳ ಆಕಾರ. ಆ ಹಾವುಗಳು ಯಾರು ಎಂದು ಮುಂದೆ ಹೇಳುತ್ತೇನೆ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಅದೂ ಒಂದು ರೀತಿ ಒಳ್ಳೆಯದೇ, ಫೋನು ಜೇಬಿಗೆ ಹೋದ ಮೇಲೆ ಕಿವಿ ತೆರೆಯುತ್ತದೆ. ಗೋಡೆಗಳ ಮೇಲೆ ಅಣಂಗು ಹಿರಿಯರ ಮಾತುಗಳು ಅವರ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಇವೆ. ಅಪ್ಪ ಒಂದೊಂದನ್ನೂ ನಿಂತು ಓದಿದರು.

ಕೇಂದ್ರದಲ್ಲೇ ಅಣಂಗು ಕಲಾವಿದರ ಸ್ವಂತ ಸಂಸ್ಥೆಗಳಾದ ಮಾರುಕು ಮತ್ತು ವಲ್ಕಜರ ಇವೆ. ನೆನಪಿಗೆ ಏನಾದರೂ ಕೊಳ್ಳುವುದಿದ್ದರೆ ಇಲ್ಲೇ ಕೊಳ್ಳಿ. ಚುಕ್ಕಿ ಚಿತ್ರಗಳು, ಕಾದ ಕಬ್ಬಿಣದ ತಂತಿಯಿಂದ ಸುಟ್ಟು ಗೆರೆ ಬರೆದ ಮರದ ಕೆತ್ತನೆಗಳು ಸಿಗುತ್ತವೆ. ಈ ಕೆತ್ತನೆಗೆ ಅವರು 'ಪುನು' ಎನ್ನುತ್ತಾರೆ. ದೊಡ್ಡ ನಗರಗಳ ಅಂಗಡಿಗಳಲ್ಲಿ ಸಿಗುವ ಅಗ್ಗದ ಬೂಮರಾಂಗ್‌ಗಳಲ್ಲಿ ಎಷ್ಟನ್ನೋ ಮೂಲನಿವಾಸಿಗಳ ಕೈ ಮುಟ್ಟಿಯೇ ಇರುವುದಿಲ್ಲ. ಚಿತ್ರ ಬರೆದವರ ಹೆಸರು, ಊರು, ಕಥೆ ಇರುವ ಪತ್ರ ಕೇಳಿ ಪಡೆಯಿರಿ.

ಎರಡನೇ ದಿನ: ಬಂಡೆಯ ಸುತ್ತ

ಉಲುರುವನ್ನು ಪೂರ್ತಿ ಸುತ್ತುವ ದಾರಿ 10.6 ಕಿಲೋಮೀಟರ್. ಸಮತಟ್ಟಾಗಿದೆ, ಆದರೆ ನೆರಳು ಕಡಿಮೆ. ಮೂರೂವರೆ ಗಂಟೆ ಬೇಕು. ಬಿಸಿಲುಗಾಲದಲ್ಲಿ ಬೆಳಗ್ಗೆ 11ರೊಳಗೆ ಮುಗಿಸಲೇಬೇಕು. ಒಬ್ಬರಿಗೆ ಗಂಟೆಗೆ ಒಂದು ಲೀಟರ್ ಎಂಬ ಲೆಕ್ಕದಲ್ಲಿ ನೀರು ಹೊತ್ತುಕೊಳ್ಳಿ. ಪಶ್ಚಿಮದ ಮಾಲ ಕಾರ್ ಪಾರ್ಕಿನಿಂದ ಸೂರ್ಯ ಹುಟ್ಟುವ ಹೊತ್ತಿಗೇ ಹೊರಟು, ಬಂಡೆಯನ್ನು ಬಲಕ್ಕೆ ಇಟ್ಟುಕೊಂಡು ನಡೆಯಿರಿ. ಉತ್ತರದ ಬಿಸಿಲು ಮುಖ ಬೇಗ ಮುಗಿಯುತ್ತದೆ. ನಮ್ಮ ಪ್ರದಕ್ಷಿಣೆಯ ದಿಕ್ಕೂ ಅದೇ ಅಲ್ವಾ? ಅಮ್ಮ ಚಪ್ಪಲಿ ಬಿಡಲೇ ಎಂದು ಕೇಳಿದರು. ಬೇಡ, ಮುಳ್ಳುಹುಲ್ಲು ಚುಚ್ಚುತ್ತದೆ ಎಂದೆ.

ಪೂರ್ತಿ ಸುತ್ತು ಆಗದವರಿಗೆ ಎರಡು ಚಿಕ್ಕ ದಾರಿಗಳಿವೆ, ಎರಡರಲ್ಲೂ ಗಾಲಿಕುರ್ಚಿ ಹೋಗುತ್ತದೆ. ನನ್ನನ್ನು ಕೇಳಿದರೆ ಉಲುರುವಿನ ಸಾರ ಇರುವುದು ಈ ಎರಡು ದಾರಿಗಳಲ್ಲೇ.

ಮೊದಲನೆಯದು ಮಾಲ ದಾರಿ, ಹೋಗಿ ಬರಲು 2 ಕಿಲೋಮೀಟರ್. ಬೆಳಗಿನ ಹೊತ್ತು ಉದ್ಯಾನದ ರೇಂಜರ್ ಜೊತೆ ಉಚಿತವಾಗಿ ನಡೆಯಬಹುದು, ಸಮಯವನ್ನು ಕೇಂದ್ರದಲ್ಲಿ ಕೇಳಿ. ಮಾಲ ಎಂದರೆ ಮೊಲದ ಗಾತ್ರದ ಸಣ್ಣ ಕಾಂಗರೂ ಜಾತಿ. ಸೃಷ್ಟಿಯ ಕಾಲದಲ್ಲಿ ಮಾಲ ಜನ ಉತ್ತರದಿಂದ ಬಂದು ಇಲ್ಲಿ ತಮ್ಮ ಆಚರಣೆ ಶುರು ಮಾಡಿದರು. ಆಗ ಪಶ್ಚಿಮದಿಂದ ವಿಂಟಲ್ಕ ಜನ ಬಂದು, ನಮ್ಮ ಹಬ್ಬಕ್ಕೆ ಬನ್ನಿ ಎಂದು ಕರೆದರು. ಶುರು ಮಾಡಿದ್ದನ್ನು ನಡುವೆ ನಿಲ್ಲಿಸುವ ಹಾಗಿಲ್ಲ, ಬರಲಾಗದು ಎಂದರು ಮಾಲ ಜನ. ಅವಮಾನವಾದ ವಿಂಟಲ್ಕ ಜನ ಕುರ್ಪನಿ ಎಂಬ ನಾಯಿಯಂಥ ಕೇಡಿನ ಜೀವಿಯನ್ನು ಸೃಷ್ಟಿಸಿ ಕಳಿಸಿದರು. ಲೂನ್ಪ ಎಂಬ ಮಿಂಚುಳ್ಳಿ ಹೆಣ್ಣು ಎಚ್ಚರಿಕೆ ಕೂಗಿದಳು. ಯಾರೂ ಕೇಳಲಿಲ್ಲ. ಕುರ್ಪನಿ ಮೇಲೆ ಬಿತ್ತು, ಕೆಲವರು ಸತ್ತರು, ಉಳಿದವರು ದಕ್ಷಿಣಕ್ಕೆ ಓಡಿದರು. ಹಿಡಿದ ಕೆಲಸ ಮುಗಿಸಬೇಕು, ಎಚ್ಚರಿಕೆಗೆ ಕಿವಿಗೊಡಬೇಕು ಎಂದು ಮಕ್ಕಳಿಗೆ ಕಲಿಸುವ ಕಥೆ ಇದು. ಲೂನ್ಪ ಈಗಲೂ ಕಲ್ಲಾಗಿ ನಿಂತು ಕಾಯುತ್ತಿದ್ದಾಳೆ. ನಿಜವಾದ ಮಾಲ ಪ್ರಾಣಿ ಈ ಪ್ರದೇಶದಿಂದ ಪೂರ್ತಿ ಮರೆಯಾಗಿತ್ತು. 2005ರಲ್ಲಿ ಉದ್ಯಾನದ ಬೇಲಿ ಹಾಕಿದ ಜಾಗಕ್ಕೆ ಅವುಗಳನ್ನು ವಾಪಸ್ ತಂದು ಬಿಟ್ಟರು.

ಎರಡನೆಯದು ದಕ್ಷಿಣದ ಕುನಿಯ ದಾರಿ, ಬರೀ 1 ಕಿಲೋಮೀಟರ್. ಕೊನೆಗೆ ಮುಟಿಜುಲು ನೀರಿನ ಗುಂಡಿ. ಕುನಿಯ ಒಬ್ಬ ಹೆಬ್ಬಾವು ಹೆಂಗಸು, ಪೂರ್ವದಿಂದ ತನ್ನ ಮೊಟ್ಟೆಗಳನ್ನು ಹೊತ್ತು ಇಲ್ಲಿಗೆ ಬಂದವಳು. ಅವಳ ಸೋದರಳಿಯನನ್ನು ಲಿರು ಎಂಬ ವಿಷದ ಹಾವುಗಳ ದಂಡು ಈಟಿಯಿಂದ ಕೊಂದಿತು. ಕೋಪದಿಂದ ಕುದಿಯುತ್ತ ಬಂದ ಕುನಿಯ, ತನ್ನನ್ನು ನೋಡಿ ನಕ್ಕ ಒಬ್ಬ ಲಿರುವಿನ ತಲೆಗೆ ಗೆಡ್ಡೆ ಅಗೆಯುವ ಕೋಲಿನಿಂದ ಎರಡು ಸಲ ಹೊಡೆದಳು. ಬಂಡೆಯ ಮೇಲೆ ಆ ಎರಡು ಪೆಟ್ಟುಗಳು ಬಿರುಕಾಗಿ ಇವತ್ತಿಗೂ ಕಾಣುತ್ತವೆ. ಅವಳು ಹರಿದ ದಾರಿ ಕಪ್ಪು ಅಲೆಯ ಗೆರೆಯಾಗಿದೆ. ಸಾಂಸ್ಕೃತಿಕ ಕೇಂದ್ರದ ಎರಡು ಹಾವುಗಳು ಇವೇ, ಕುನಿಯ ಮತ್ತು ಲಿರು. ನೀರಿನ ಗುಂಡಿಯನ್ನು ಕಾಯುವ ಹಾವಿನಲ್ಲಿ ಅವಳು ಈಗಲೂ ಇದ್ದಾಳೆ ಎನ್ನುತ್ತಾರೆ. ನೀರಿನ ಹತ್ತಿರ ಸದ್ದು ಮಾಡದೆ ಸ್ವಲ್ಪ ಹೊತ್ತು ಕೂರಿ. ಅಮ್ಮನಿಗೆ ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ. ಕಥೆ ಕೇಳಿ ಮುಗಿಸಿ, "ಸೋದರಳಿಯ ಅಂದ್ರೆ ಮಗನಿಗೆ ಸಮಾನ" ಎಂದಷ್ಟೇ ಹೇಳಿದರು.

ಎರಡೂ ದಾರಿಗಳಲ್ಲಿ ಗುಹೆಗಳ ಒಳಗೆ ಕಾವಿ, ಬೂದಿ, ಇದ್ದಿಲಿನಿಂದ ಬರೆದ ಚಿತ್ರಗಳಿವೆ. ಮುಟ್ಟಬೇಡಿ. ಹಿಂದೊಂದು ಕಾಲದಲ್ಲಿ ಪ್ರವಾಸದ ಗೈಡುಗಳು ಫೋಟೊ ಚೆನ್ನಾಗಿ ಬರಲಿ ಎಂದು ಚಿತ್ರಗಳ ಮೇಲೆ ನೀರು ಎರಚುತ್ತಿದ್ದರು. ಅದರಿಂದಾದ ಹಾನಿ ಇನ್ನೂ ಕಾಣುತ್ತದೆ. ಗುಹೆಯ ಒಳಗೋಡೆಯ ಬಣ್ಣವನ್ನೂ ಗಮನಿಸಿ, ಕೆಲವು ಕಡೆ ಬೂದು. ಈ ಮರಳುಗಲ್ಲಿನ ಸಹಜ ಬಣ್ಣ ಅದೇ. ಹೊರಗಿನ ಕೆಂಪು, ಕಲ್ಲಿನಲ್ಲಿರುವ ಕಬ್ಬಿಣಕ್ಕೆ ಹಿಡಿದ ತುಕ್ಕು.

ಕ್ಯಾಮೆರಾ ಎಲ್ಲಿ ಕೆಳಗಿಡಬೇಕು

ಸುತ್ತು ದಾರಿಯಲ್ಲಿ, ಅದರಲ್ಲೂ ಈಶಾನ್ಯದ ಕಡೆ, 'ಇಲ್ಲಿ ಫೋಟೊ ಬೇಡ' ಎಂಬ ಬೋರ್ಡುಗಳಿವೆ. ಕೆಲವು ಜಾಗಗಳು ಗಂಡಸರ ಆಚರಣೆಗೆ ಸೇರಿದ್ದು, ಕೆಲವು ಹೆಂಗಸರದ್ದು. ಗಂಡಸರ ಜಾಗವನ್ನು ಅಣಂಗು ಹೆಂಗಸರು ನೋಡುವ ಹಾಗಿಲ್ಲ, ಹೆಂಗಸರ ಜಾಗವನ್ನು ಗಂಡಸರು ನೋಡುವ ಹಾಗಿಲ್ಲ. ನಾವು ಹಾಕಿದ ಫೋಟೊ ಅವರ ಮನೆಯ ಹುಡುಗಿಯ ಫೋನಿಗೆ ಹೋದರೆ ಏನಾಗಬೇಕು, ಯೋಚಿಸಿ. ಗರ್ಭಗುಡಿಯ ಮುಂದೆ ಫೋನು ಒಳಗಿಡುವ ನಮಗೆ ಇದು ಕಷ್ಟದ ಮಾತಲ್ಲ. ಅಣಂಗು ಜನರ ಫೋಟೊವನ್ನು ಕೇಳದೆ ತೆಗೆಯಬೇಡಿ. ಡ್ರೋನ್ ಹಾರಿಸುವ ಹಾಗಿಲ್ಲ. ಬಂಡೆಯ ಪಕ್ಕದ ಮುಟಿಜುಲು ಊರು ಅವರು ವಾಸಿಸುವ ಜಾಗ, ಪರವಾನಗಿ ಇಲ್ಲದೆ ಅಲ್ಲಿಗೆ ತಿರುಗಬೇಡಿ.

ಹತ್ತುವುದು ಏಕೆ ನಿಂತಿತು

ಹಳೆಯ ಫೋಟೊಗಳಲ್ಲಿ ಸರಪಳಿ ಹಿಡಿದು ಬಂಡೆ ಹತ್ತುವ ಜನರ ಸಾಲು ನೋಡಿರಬಹುದು. ಅಣಂಗು ಜನ ಅವರಿಗೆ 'ಮಿಂಗ' ಎನ್ನುತ್ತಿದ್ದರು, ಇರುವೆಗಳು ಎಂದು. ಆ ದಾರಿ ಮಾಲ ಪೂರ್ವಜರು ಆಚರಣೆಗಾಗಿ ಮೇಲೆ ಹೋದ ದಾರಿ. ಹತ್ತಬೇಡಿ ಎಂದು ಮನೆಯವರು ವರ್ಷಗಟ್ಟಲೆ ಕೇಳಿಕೊಂಡರು. ಕಾನೂನು ಹಾಕದೆ, ಸುಮ್ಮನೆ ವಿನಂತಿ ಮಾಡಿದರು. ಹತ್ತಿದವರಲ್ಲಿ 35ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತಮ್ಮ ನೆಲದಲ್ಲಿ ಅತಿಥಿ ಸತ್ತರೆ ಆ ದುಃಖ, ಹೊಣೆ ಎರಡೂ ತಮ್ಮದು ಎಂದು ಅಣಂಗು ಭಾವಿಸುತ್ತಾರೆ. 2017ರಲ್ಲಿ ಮಂಡಳಿ ಒಮ್ಮತದಿಂದ ತೀರ್ಮಾನಿಸಿತು. 2019ರ ಅಕ್ಟೋಬರ್ 26ರಿಂದ ಹತ್ತುವುದು ಪೂರ್ತಿ ಬಂದ್. ಸರಪಳಿಯನ್ನೂ ತೆಗೆದರು. ಜನರ ಕಾಲು ಸವೆಸಿದ ಬಿಳಿ ಗೆರೆ ಮಾತ್ರ ಬಂಡೆಯ ಮೇಲೆ ಉಳಿದಿದೆ. ಅದನ್ನು ನೋಡುವಾಗ ನನಗೆ ಗಾಯದ ಕಲೆ ನೋಡಿದ ಹಾಗಾಯಿತು.

ಮೂರನೇ ದಿನ: ಕಟ ಜುಟ

ಇಲ್ಲಿನ ಕಲ್ಲೇ ಬೇರೆ. ಸುಮಾರು 55 ಕೋಟಿ ವರ್ಷಗಳ ಹಿಂದೆ ಎತ್ತರದ ಬೆಟ್ಟಗಳಿಂದ ಮಳೆನೀರು ಕೊಚ್ಚಿ ತಂದದ್ದು ಒಂದು ಕಡೆ ಮರಳಾಗಿ ಕೂತು ಉಲುರು ಆಯಿತು. ಇನ್ನೊಂದು ಕಡೆ ಗುಂಡುಕಲ್ಲು, ಬಂಡೆಚೂರು ಎಲ್ಲ ಸೇರಿ ಗಟ್ಟಿಯಾಗಿ ಕಟ ಜುಟ ಆಯಿತು. ಆಮೇಲೆ ನೆಲ ಮಡಚಿಕೊಂಡಾಗ ಉಲುರುವಿನ ಪದರಗಳು ಹೆಚ್ಚು ಕಡಿಮೆ ನೆಟ್ಟಗೆ ನಿಂತವು, ಕಟ ಜುಟದ್ದು ಸ್ವಲ್ಪ ಮಾತ್ರ ವಾಲಿದವು.

ವಾಲ್ಪ ಕಣಿವೆಯ ದಾರಿ 2.6 ಕಿಲೋಮೀಟರ್, ಹಿರಿಯರೂ ನಿಧಾನವಾಗಿ ಹೋಗಬಹುದು, ಆದರೆ ನೆಲ ಒರಟು. ಗಟ್ಟಿ ಮೊಣಕಾಲು ಇದ್ದವರಿಗೆ 'ಗಾಳಿ ಕಣಿವೆ' ದಾರಿ, 7.4 ಕಿಲೋಮೀಟರ್, ನಾಲ್ಕು ಗಂಟೆ. ಆ ದಿನ 36 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಎಂದು ಮುನ್ಸೂಚನೆ ಇದ್ದರೆ ಬೆಳಗ್ಗೆ 11 ಗಂಟೆಗೆ, ದಾರಿಯಲ್ಲಿ ಮೊದಲು ಸಿಗುವ ವೀಕ್ಷಣಾ ಜಾಗದಿಂದ ಮುಂದೆ ಮುಚ್ಚಿಬಿಡುತ್ತಾರೆ. ಅಪ್ಪ ಅಮ್ಮ ವಾಲ್ಪದಲ್ಲಿ ಕೂತರು, ನಾನು ಮಗಳು ಗಾಳಿ ಕಣಿವೆಗೆ ಹೋದೆವು. ಎರಡು ಗೋಡೆಗಳ ನಡುವೆ ಗಾಳಿ ನುಗ್ಗುವ ಸದ್ದು ಈಗಲೂ ಕಿವಿಯಲ್ಲಿದೆ. ಇಲ್ಲಿ ಫೋನಿನ ಸಿಗ್ನಲ್ ನಂಬಬೇಡಿ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಯಾರಿಗಾದರೂ ಹೇಳಿ ಹೊರಡಿ.

ಕಟ ಜುಟದಲ್ಲಿ ಕಥೆ ಹೇಳುವ ಬೋರ್ಡುಗಳನ್ನು ಹುಡುಕಬೇಡಿ. ಇದು ಗಂಡಸರ ಆಚರಣೆಯ ಜಾಗ, ಇಲ್ಲಿನ ಜುಕುರ್ಪವನ್ನು ಹೊರಗಿನವರಿಗೆ ಹೇಳುವುದಿಲ್ಲ. ಗೈಡನ್ನು ಒತ್ತಾಯ ಮಾಡಿ ಕೇಳುವುದೂ ಸರಿಯಲ್ಲ. ನೆಂಟರು ಮನೆಯ ಎಲ್ಲ ಕೋಣೆಗಳ ಬಾಗಿಲು ತೆಗೆಯುವುದಿಲ್ಲ.

ಬೆಳಕು, ನೊಣ, ಕಲ್ಲು

ಸೂರ್ಯೋದಯಕ್ಕೆ ತಾಲಿಂಗುರು ಎಂಬ ಮರಳುದಿಬ್ಬದ ವೀಕ್ಷಣಾ ಜಾಗಕ್ಕೆ ಹೋಗಿ, ಅಲ್ಲಿಂದ ಉಲುರು, ಕಟ ಜುಟ ಎರಡೂ ಕಾಣುತ್ತವೆ. ಸಂಜೆ ಬಣ್ಣ ಬದಲಾಗುವುದು ಸೂರ್ಯ ಮುಳುಗಿದ ಮೇಲೂ ನಡೆಯುತ್ತದೆ. ಬಸ್ಸುಗಳು ಹೊರಟ ಮೇಲೆ ಹತ್ತು ನಿಮಿಷ ಹೆಚ್ಚಿಗೆ ನಿಲ್ಲಿ. ಮಳೆ ಬಂದರೆ ಬೇಜಾರು ಬೇಡ, ಬಂಡೆಯ ಮೈಮೇಲೆಲ್ಲ ಜಲಪಾತ ಇಳಿಯುವುದನ್ನು ನೋಡಲು ಬಹಳ ಕಡಿಮೆ ಜನಕ್ಕೆ ಸಿಗುತ್ತದೆ. ಸೆಕೆ ಶುರುವಾದ ಮೇಲೆ ನೊಣಗಳ ಕಾಟ ಜಾಸ್ತಿ. ಟೋಪಿಯ ಮೇಲೆ ಹಾಕುವ ಬಲೆ ಯುಲಾರದಲ್ಲಿ ಸಿಗುತ್ತದೆ, ತಗೊಳ್ಳಿ.

ಕಲ್ಲು, ಮರಳು ಏನನ್ನೂ ತರಬೇಡಿ. ಹಾಗೆ ತಂದವರು ವರ್ಷಗಳ ನಂತರ ಮನಸ್ಸು ತಡೆಯದೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ, ಜೊತೆಗೆ ಕ್ಷಮಾಪಣೆಯ ಪತ್ರ. ಉದ್ಯಾನದವರು ಅವನ್ನು 'ಸಾರಿ ರಾಕ್ಸ್' ಎನ್ನುತ್ತಾರೆ. ಕಲ್ಲು ವಾಪಸ್ ಬಂದರೂ ಅದು ಯಾವ ಜಾಗದ್ದು ಎಂದು ಗೊತ್ತಾಗುವುದಿಲ್ಲ. ಕೊನೆಯ ಬೆಳಗ್ಗೆ ಹೊರಡುವ ಮುನ್ನ ಮಕ್ಕಳ ಜೇಬು ಒಮ್ಮೆ ನೋಡಿಬಿಡಿ. ನಮ್ಮ ಮಗಳ ಜಾಕೆಟ್ಟಿನಲ್ಲಿ ಕಡಲೆಕಾಳಿನ ಗಾತ್ರದ ಎರಡು ಕೆಂಪು ಕಲ್ಲು ಇದ್ದವು. ಎಲ್ಲಿ ಎತ್ತಿಕೊಂಡೆ ಎಂದು ಕೇಳಿದೆವು. ಕುನಿಯ ದಾರಿಯ ಬೆಂಚಿನ ಪಕ್ಕ ಎಂದಳು. ವಿಮಾನಕ್ಕೆ ಇನ್ನೂ ಹೊತ್ತಿತ್ತು. ಕಾರು ತಿರುಗಿಸಿಕೊಂಡು ಹೋಗಿ, ಅದೇ ಬೆಂಚಿನ ಪಕ್ಕ ಅವಳ ಕೈಯಿಂದಲೇ ಇಡಿಸಿ ಬಂದೆವು.